ಹೊಲದ ಬೆಣಚುಕಲ್ಲಿಗೆ ಬಣ್ಣ ಎಲ್ಲಿಂದ?

ಪ್ರಶ್ನೆ: ಉಳುವಾಗಲೆಲ್ಲ ನಮ್ಮ ಹೊಲದಲ್ಲಿ ಬೆಣಚುಕಲ್ಲು ಮೇಲೇಳುತ್ತವೆ. ಹೆಚ್ಚಿನವು ಬಿಳಿ, ಕೆಲವು ಗುಲಾಬಿ, ಕೆಲವು ಹೊಗೆಬಣ್ಣ. ಒಂದರಲ್ಲಿ ಹಳದಿ ಮಿಂಚಿದೆ, ಚಿನ್ನವಿರಬಹುದೇ? ತುಕ್ಕಿನ ಕಲೆ ತೆಗೆಯುವುದು ಹೇಗೆ?
— ಓದುಗರು, ಬಂಗಾರಪೇಟೆ

ಉತ್ತರ: ಗುಲಾಬಿ ಕಲ್ಲುಗಳನ್ನು ಮೊದಲು ಬೇರೆ ಮಾಡಿ. ನಮ್ಮ ಕಡೆ ಅವು ಬಹುಪಾಲು ಬೆಣಚುಕಲ್ಲಲ್ಲ, ಫೆಲ್ಡ್‌ಸ್ಪಾರ್ ಎಂಬ ಬೇರೆ ಖನಿಜ. ಅದು ಒಡೆದಾಗ ಬಿಸಿಲಿಗೆ ಹೊಳೆಯುವ ಚಪ್ಪಟೆ ಮುಖಗಳು ಕಾಣುತ್ತವೆ. ಬೆಣಚುಕಲ್ಲು ಗಾಜಿನ ಹಾಗೆ ಅಂಕುಡೊಂಕಾಗಿ ಒಡೆಯುತ್ತದೆ. ಖನಿಜಗಳ ಗಡಸುತನ ಅಳೆಯುವ 1ರಿಂದ 10ರ ಮೋಸ್ ಮಾಪಕದಲ್ಲಿ ಅದರದು 7, ಚಾಕುವಿಗೆ ಜಗ್ಗದು.

ಭೂಮಿಯ ಆಳದ ಬಿಸಿನೀರು ಸಿಲಿಕಾ (ಬೆಣಚುಕಲ್ಲಿನ ಮೂಲವಸ್ತು) ಕರಗಿಸಿಕೊಂಡು ಬಂಡೆಯ ಬಿರುಕುಗಳಲ್ಲಿ ಮೇಲೇರಿ, ತಣಿದಾಗ ಬಿಟ್ಟುಹೋದದ್ದೇ ಬೆಣಚುಕಲ್ಲಿನ ಬಿಳಿ ಪಟ್ಟೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಇಂಥದೇ ಪಟ್ಟೆ, ಅಲ್ಲಿ ಅದೇ ನೀರು ಚಿನ್ನವನ್ನೂ ತಂದಿತ್ತು. ಆದರೆ ಹೆಚ್ಚಿನ ಪಟ್ಟೆಗಳು ಬರಿದು. ಒಳಗೆ ಸಿಕ್ಕಿಕೊಂಡ ಸೂಕ್ಷ್ಮ ನೀರಹನಿಗಳಿಂದ ಕಲ್ಲು ಬೆಳ್ಳಗೆ ಕಾಣುತ್ತದೆ. ಹೊಗೆಬಣ್ಣಕ್ಕೆ ಚೂರು ಅಲ್ಯುಮಿನಿಯಂ, ನೇರಳೆಗೆ ಚೂರು ಕಬ್ಬಿಣ ಕಾರಣ. ಎರಡಕ್ಕೂ ಸುತ್ತಲಿನ ಬಂಡೆಯ ವಿಕಿರಣ ಬೇಕು. ನೇರಳೆ ಕಲ್ಲು ಸಿಕ್ಕರೆ ಬಿಸಿಲಿಗಿಡಬೇಡಿ, ಬಣ್ಣ ಮಾಸುತ್ತದೆ.

ಹಳದಿ ಮಿಂಚನ್ನು ಸೂಜಿಯಿಂದ ಒತ್ತಿ ನೋಡಿ. ಚಿನ್ನವಾದರೆ ತಗ್ಗು ಬೀಳುತ್ತದೆ. ಚಿನ್ನದಂತೆ ಹೊಳೆಯುವ ಪೈರೈಟ್ (ಕಬ್ಬಿಣ, ಗಂಧಕದ ಖನಿಜ) ಪುಡಿಯಾಗುತ್ತದೆ, ಆ ಪುಡಿ ಕಪ್ಪು. ಕಾಗೆಬಂಗಾರ ಪದರಪದರವಾಗಿ ಏಳುತ್ತದೆ.

ತುಕ್ಕಿಗೆ ಆಕ್ಸಾಲಿಕ್ ಆಮ್ಲವೇ ಸರಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಲೀಟರ್ ನೀರಿಗೆ 50 ಗ್ರಾಂ ಪುಡಿ ಕರಗಿಸಿ, ತೊಳೆದ ಕಲ್ಲುಗಳನ್ನು ಕಲೆ ಬಿಡುವವರೆಗೆ ಕೆಲವು ದಿನ ನೆನೆಹಾಕಿ. ಹೆಚ್ಚಿನವರು ಎಡವುವುದು ನೀರಿನಲ್ಲಿ: ನಮ್ಮ ಬೋರ್‌ವೆಲ್ ನೀರಿನ ಸುಣ್ಣದಂಶ ಆಮ್ಲದ ಜೊತೆ ಸೇರಿ ಬಿಳಿ ಪೊರೆಯಾಗಿ ಕಲ್ಲಿಗೆ ಅಂಟುತ್ತದೆ, ಆಮೇಲೆ ಉಜ್ಜಿದರೂ ಹೋಗದು. ಮಳೆನೀರು ಅಥವಾ ಫಿಲ್ಟರಿನ ಆರ್‌ಓ ನೀರು ಬಳಸಿ. ತೊಳೆಯುವುದೂ ಅದರಲ್ಲೇ, ದಿನವೂ ನೀರು ಬದಲಿಸಿ. ಆಕ್ಸಾಲಿಕ್ ಆಮ್ಲ ವಿಷ. ಕೈಗವಸು ಹಾಕಿ, ಕಾಯಿಸಬೇಡಿ, ಮಕ್ಕಳು ಮತ್ತು ದನಕರುಗಳಿಗೆ ಸಿಗದಂತೆ ಇಡಿ. ಉಳಿದ ದ್ರಾವಣಕ್ಕೆ ನೊರೆ ನಿಲ್ಲುವವರೆಗೆ ಅಡುಗೆ ಸೋಡಾ ಬೆರೆಸಿ, ಆಮೇಲೆ ಚೆಲ್ಲಿ.

ಕಲ್ಲನ್ನು ಒಲೆಗೆ ಹಾಕಿ ಬಣ್ಣ ಬದಲಿಸುವ ಪ್ರಯೋಗ ಬೇಡ. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಹರಳಿನ ರಚನೆ ಬದಲಾಗಿ ಕಲ್ಲು ಬಿರಿಯುತ್ತದೆ. ಒಡೆಯಲೇಬೇಕಿದ್ದರೆ ನೀರು ಹಾಕಿ ಒದ್ದೆ ಮಾಡಿ, ಕನ್ನಡಕ ತೊಟ್ಟು ಒಡೆಯಿರಿ. ಒಣ ಧೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ತರುತ್ತದೆ, ಆ ರೋಗ ವಾಸಿಯಾಗುವಂಥದ್ದಲ್ಲ.