ಏಜೆಂಟ್ ಸಹಿ ಆದ ಮೇಲಿನ ಮೌನ

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನಮ್ಮ ಕಡೆ ಬರೆಯುವವರೆಲ್ಲ ಇಂಗ್ಲಿಷ್ ಅನುವಾದದ ಮಾತಾಡುತ್ತಿದ್ದಾರೆ. ಒಳ್ಳೆಯದೇ. ಅದರ ಬೆನ್ನಿಗೇ ಆಪ್ತಸಲಹೆಗಾರಳಾದ ನನ್ನ ಬಳಿಗೆ ಹೊಸದೊಂದು ಸಂಕಟವೂ ಬರತೊಡಗಿದೆ: ಅನುವಾದ ಆಯಿತು, ದೆಹಲಿಯ ಲಿಟರರಿ ಏಜೆಂಟ್ (ಲೇಖಕರ ಪರವಾಗಿ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಮಾರಿಸಿಕೊಡುವವರು) ಒಪ್ಪಿಕೊಂಡರು, ಕರಾರಿಗೆ ಸಹಿ ಬಿತ್ತು, ಆಮೇಲೆ ಸುದ್ದಿಯೇ ಇಲ್ಲ. ಈ ಮಾತು ಹೇಳಿಕೊಂಡು ಬಂದವರಲ್ಲಿ ಈ ಶಿಕ್ಷಕಿ ಮೂರನೆಯವರು, ಅದಕ್ಕೇ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ.

ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲಾ ಶಿಕ್ಷಕಿ, ನಲವತ್ತಾರು ವರ್ಷ. ಸಹಿಯಾದ ದಿನ ಸ್ಟಾಫ್‌ರೂಮಿನಲ್ಲಿ ಮೈಸೂರ್‌ಪಾಕ್ ಹಂಚಿದ್ದರು. ಹನ್ನೊಂದು ವಾರ ಕಳೆಯುವಷ್ಟರಲ್ಲಿ ರಾತ್ರಿ ಮೂರಕ್ಕೆ ಎದ್ದು ಮೇಲ್ ನೋಡುವುದು ರೂಢಿಯಾಗಿತ್ತು. ಸ್ವಯಂ ನಿವೃತ್ತಿ ಅರ್ಜಿ ತುಂಬಿ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು.

ಎರಡನೆಯ ಭೇಟಿಗೆ ಪತಿಯೂ ಬಂದರು. ಸಿಟ್ಟಾಗಿದ್ದರು. "ಮೇಡಂ, ಲೈಸೆನ್ಸ್ ಮಾಡಿಸಿಕೊಡೋ ಆರ್‌ಟಿಓ ಏಜೆಂಟ್ ಆದ್ರೂ ಫೋನ್ ಎತ್ತಿ ಸೋಮವಾರ ಬನ್ನಿ ಅಂತಾನೆ. ಇವರು ಅಷ್ಟೂ ಹೇಳಲ್ಲ."

ಗಂಟು ಇದ್ದದ್ದು ಆ ಮಾತಿನಲ್ಲೇ. ನಮ್ಮೂರಲ್ಲಿ ಏಜೆಂಟ್ ಅಂದರೆ ದುಡ್ಡು ಇಸಿದುಕೊಂಡು ಕೆಲಸ ಮಾಡಿಸಿಕೊಡುವವನು. ಕನ್ನಡದ ಲೇಖಕರು ಹಸ್ತಪ್ರತಿಯನ್ನು ಪ್ರಕಾಶಕರ ಕೈಗೆ ನೇರವಾಗಿ ಕೊಡುವವರು, ನಡುವೆ ಏಜೆಂಟ್ ಇರುವುದು ತೀರಾ ಅಪರೂಪ. ಹಾಗಾಗಿ ಪದ ಗೊತ್ತು, ಪದ್ಧತಿ ಗೊತ್ತಿಲ್ಲ.

ಶಿಕ್ಷಕಿಯ ಫೋನ್ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಏಜೆಂಟರ ಕೊನೆಯ ಮೇಲ್ ತೆಗೆದು ಗಟ್ಟಿಯಾಗಿ ಓದಿ ಅಂದೆ. ಎರಡೇ ಸಾಲು: ಹಸ್ತಪ್ರತಿ ಆರು ಸಂಪಾದಕರ ಬಳಿ ಇದೆ, ಉತ್ತರ ಬಂದ ಕೂಡಲೇ ತಿಳಿಸುತ್ತೇನೆ. ಅದನ್ನು ಅವರು ಸಾಗಹಾಕುವ ಮಾತು ಎಂದುಕೊಂಡು ಮತ್ತೆ ಏಳು ಮೇಲ್ ಕಳಿಸಿದ್ದರು. ಅವರಿಂದ ಏಜೆಂಟ್ ಇದುವರೆಗೆ ಎಷ್ಟು ಹಣ ತೆಗೆದುಕೊಂಡಿದ್ದಾರೆ ಎಂದು ಕೇಳಿದೆ. ಒಂದು ರೂಪಾಯಿಯೂ ಇಲ್ಲ. ಪುಸ್ತಕವನ್ನು ಯಾವ ಪ್ರಕಾಶಕರೂ ಕೊಳ್ಳದಿದ್ದರೆ ಏಜೆಂಟರಿಗೆ ಏನು ಸಿಗುತ್ತದೆ? ಏನೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಶಿಕ್ಷಕಿ ಕೇಳಿದರು: "ಹಾಗಾದ್ರೆ ನನ್ನ ಜೊತೆ ಅವರೂ ಕಾಯ್ತಿದ್ದಾರಾ ಮೇಡಂ?"

ಹೌದು, ಕಾಯುತ್ತಿದ್ದಾರೆ. ಓದುವುದಕ್ಕೋ ತಿದ್ದುವುದಕ್ಕೋ ಮುಂಗಡ ಶುಲ್ಕ ಕೇಳುವವರಾದರೆ ಅನುಮಾನ ಪಡಲೇಬೇಕು. ಸರಿಯಾದ ಏಜೆಂಟರ ಗಳಿಕೆ ಕಮಿಷನ್ ಮಾತ್ರ. ಸಾಮಾನ್ಯವಾಗಿ ದೇಶದೊಳಗಿನ ಪ್ರಕಟಣೆಯ ಹಕ್ಕಿಗೆ ನೂರಕ್ಕೆ 15, ಹೊರದೇಶದ್ದಕ್ಕೆ 20.

ಸಹಿಯಾದ ಮೇಲೆ ನಡೆಯುವುದನ್ನು ಆ ದಿನ ಕಾಗದದ ಮೇಲೆ ಬರೆದುಕೊಟ್ಟೆ. ಮೊದಲು ತಿದ್ದುಪಡಿ: ಏಜೆಂಟ್ ಇನ್ನೊಮ್ಮೆ ಓದಿ ಬದಲಾವಣೆ ಕೇಳುತ್ತಾರೆ, ಇದಕ್ಕೇ ಎರಡು ಮೂರು ತಿಂಗಳು ಹಿಡಿಯಬಹುದು. ಆಮೇಲೆ ಕೆಲವೇ ಸಂಪಾದಕರಿಗೆ ಒಂದು ಸುತ್ತು ಕಳಿಸುತ್ತಾರೆ. ಎಲ್ಲರಿಗೂ ಒಟ್ಟಿಗೆ ಕಳಿಸುವುದಿಲ್ಲ, ಏಕೆಂದರೆ ಬೇಡ ಎಂದವರಿಗೆ ಅದೇ ಹಸ್ತಪ್ರತಿಯನ್ನು ಮತ್ತೆ ಕಳಿಸಲು ಬರುವುದಿಲ್ಲ. ಮೊದಲ ಸುತ್ತಿನ ಟೀಕೆ ನೋಡಿ ತಿದ್ದಿ ಎರಡನೆಯ ಸುತ್ತಿಗೆ ಹೋಗಬೇಕು. ಉತ್ತರಕ್ಕೆ ಆರು ವಾರದಿಂದ ಆರು ತಿಂಗಳು, ಕೆಲವರದು ಬರುವುದೇ ಇಲ್ಲ. ಸಂಪಾದಕರು ಮೆಚ್ಚಿದರೂ ಮಾರಾಟ ವಿಭಾಗದವರು ಕೂತ ಸಭೆಯಲ್ಲಿ ಬಿದ್ದುಹೋಗಬಹುದು. ಪ್ರಕಾಶಕರ ಜೊತೆ ಕರಾರಾದ ಮೇಲೂ ಪುಸ್ತಕ ಕೈಗೆ ಬರಲು ಒಂದು, ಒಂದೂವರೆ ವರ್ಷ. ಏನೂ ಆಗದೆ ಹೋಗುವುದೂ ಉಂಟು. ಆಗ ಕರಾರಿನಲ್ಲಿ ಹೇಳಿದಷ್ಟು ದಿನದ ನೋಟಿಸ್ ಕೊಟ್ಟು ಏಜೆಂಟರನ್ನು ಬಿಡಬಹುದು. ಆದರೆ ಅವರು ಮಾಡಿಸಿದ ಕರಾರುಗಳ ಕಮಿಷನ್ ಸಾಮಾನ್ಯವಾಗಿ ಅವರಿಗೇ ಹೋಗುತ್ತಿರುತ್ತದೆ.

ಬ್ಯಾಗಿನಲ್ಲಿದ್ದ ಅರ್ಜಿಗಾಗಿ ಒಂದು ಲೆಕ್ಕ ಹಾಕಿದೆವು. ಪ್ರಕಾಶಕರಿಂದ ಒಂದು ಲಕ್ಷ ಮುಂಗಡ ಬಂತು ಅಂತಲೇ ಇಟ್ಟುಕೊಳ್ಳಿ. ಪ್ರಕಾಶಕರ ಹಣ ಏಜೆಂಟರ ಮೂಲಕ ಬರುತ್ತದೆ, ಅವರ 15,000 ಅಲ್ಲೇ ಮುರಿಯುತ್ತದೆ. ಉಳಿದ 85,000ದಲ್ಲಿ ಅನುವಾದಕರಿಗೆ ಅರ್ಧ ಅಂದರೆ ಇವರಿಗೆ 42,500. ಅದೂ ಸಹಿಗೆ, ಅಂತಿಮ ಪ್ರತಿ ಕೊಟ್ಟಾಗ, ಪ್ರಕಟಣೆಗೆ ಎಂದು ಮೂರು ಕಂತಾದರೆ ತಲಾ ಹದಿನಾಲ್ಕು ಸಾವಿರ ಚಿಲ್ಲರೆ, ಅದರಲ್ಲಿ ಟಿಡಿಎಸ್ ಬೇರೆ. ಮುಂಗಡದ ಮೊತ್ತ ರಾಯಧನದಲ್ಲಿ (ಪ್ರತಿಗಳ ಮಾರಾಟದಿಂದ ಬರುವ ಪಾಲಿನಲ್ಲಿ) ವಜಾ ಆಗುವ ತನಕ ಮತ್ತೆ ಹಣವಿಲ್ಲ. ಅನುವಾದಕರ ಪಾಲು ಇವರ ಕಡತದಲ್ಲಿ ಎಲ್ಲೂ ಬರಹದಲ್ಲಿ ಇರಲಿಲ್ಲ! ನನಗೆ ಹೆಚ್ಚು ಗಾಬರಿಯಾದದ್ದು ಅದಕ್ಕೆ. ಆ ವಾರವೇ ಬರೆಸಿಕೊಳ್ಳಿ ಎಂದೆ.

ಕೊಟ್ಟ ಸಲಹೆ ಇಷ್ಟು. ಏಜೆಂಟರಿಗೆ ತಿಂಗಳಿಗೊಂದೇ ಮೇಲ್, ಒಂದನೇ ತಾರೀಖು. ಕೇಳುವುದು ಯಾವ ಸಂಸ್ಥೆಗೆ, ಯಾರಿಗೆ, ಯಾವಾಗ ಕಳಿಸಿದಿರಿ, ಉತ್ತರವೇನು. ಉತ್ತರವನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದು ತುಂಬುವುದು. ಒಬ್ಬ ಪರಿಚಿತರ ಮೂಲಕ ತಾವೇ ಒಂದು ಸಂಸ್ಥೆಗೆ ಹಸ್ತಪ್ರತಿ ಕಳಿಸಲು ಹೊರಟಿದ್ದರು, ಅದನ್ನು ನಿಲ್ಲಿಸುವುದು: ಏಜೆಂಟರ ದಾರಿಗೆ ಅಡ್ಡ, ಕರಾರಿಗೂ ವಿರುದ್ಧ. ರಾತ್ರಿ ಒಂಬತ್ತರ ಮೇಲೆ ಫೋನ್ ಅಡುಗೆಮನೆಯ ಚಾರ್ಜರಿನಲ್ಲಿ. ಸ್ಟಾಫ್‌ರೂಮಿನಲ್ಲಿ ಕೇಳುವವರಿಗೆ ಒಂದೇ ಉತ್ತರ, "ಪ್ರಕಾಶಕರು ಓದ್ತಾ ಇದ್ದಾರೆ." ಇನ್ನೆರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು, ನಡುರಾತ್ರಿ ತೀರಾ ತಡೆಯದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ನಿವೃತ್ತಿಯ ಅರ್ಜಿ ಸದ್ಯಕ್ಕೆ ಬೇಡ.

ಆ ಕೊನೆಯ ಮಾತಿಗೆ ಪತಿ ಒಪ್ಪಲಿಲ್ಲ. ಉತ್ಸಾಹಕ್ಕೆ ತಣ್ಣೀರು ಎರಚಿದಿರಿ ಎಂದರು. ಆಪ್ತಸಲಹೆಗಾರರು ನಿರ್ಧಾರ ಹೇಳಬಾರದು ಎಂಬ ಪಾಠ ನನಗೂ ಗೊತ್ತು, ಬಹುಪಾಲು ಪಾಲಿಸುತ್ತೇನೆ. ಆದರೆ ಪಿಂಚಣಿಯ ಲೆಕ್ಕ ತಿಳಿಯದೆ, ತಪ್ಪು ಮಾಹಿತಿಯ ಮೇಲೆ ಒಬ್ಬರು ಸಂಬಳ ಬಿಡುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು ತಟಸ್ಥತೆ ಅಲ್ಲ ಎಂದು ನಂಬಿದ್ದೇನೆ. ಈಗಲೂ ಅದನ್ನೇ ಹೇಳುತ್ತೇನೆ.

ಐದನೆಯ ತಿಂಗಳಲ್ಲಿ ನೋಟ್‌ಬುಕ್ ತಂದು ತೋರಿಸಿದರು. ಎರಡು ಕಡೆ ಬೇಡ ಎಂದಿದ್ದಾರೆ. ಒಬ್ಬ ಸಂಪಾದಕರು ಮೊದಲ ಅಧ್ಯಾಯ ನಿಧಾನ ಎಂದು ಕಾರಣ ಸಮೇತ ಅರ್ಧ ಪುಟ ಬರೆದಿದ್ದಾರೆ. ಶಿಕ್ಷಕಿಯೂ ಅನುವಾದಕರೂ ಭಾನುವಾರಗಳಲ್ಲಿ ಕೂತು ಅದನ್ನು ತಿದ್ದುತ್ತಿದ್ದಾರೆ. ಉಳಿದ ನಾಲ್ಕು ಹೆಸರುಗಳ ಮುಂದೆ ಕೊನೆಯ ಕಾಲಂ ಖಾಲಿ ಇತ್ತು.