ಬೆಂಕಿಪುರದ ಕೈಗಳಿಗೆ ಕೆಲಸ ಎಲ್ಲಿದೆ?

ಈ ತಿಂಗಳು ಬಂದ ಪತ್ರಗಳಲ್ಲಿ ಭದ್ರಾವತಿ, ಶಿವಮೊಗ್ಗ ಕಡೆಯವೇ ಜಾಸ್ತಿ. ನಾನು ಬೆಳೆದದ್ದು ಭದ್ರಾವತಿಯ ನ್ಯೂಟೌನ್‌ನಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯ ಎರಕದ ಮನೆಯಲ್ಲಿದ್ದರು. ನಾನು ಐಟಿಐನಲ್ಲಿ 31 ವರ್ಷ ಟರ್ನರ್ ಟ್ರೇಡ್ ಕಲಿಸಿ ನಿವೃತ್ತನಾದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಈ ಪತ್ರಗಳಿಗೇ.

ಪ್ರಶ್ನೆ: ಮೇಷ್ಟ್ರೇ, ನಾನು ಫಿಟ್ಟರ್ ಐಟಿಐ ಮುಗಿಸಿ ಎರಡು ವರ್ಷವಾಯಿತು. ನಮ್ಮೂರ ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮತ್ತೆ ಪೂರ್ತಿ ಶುರುವಾಗುತ್ತದೆ, ಊರಲ್ಲೇ ಕೆಲಸ ಸಿಗುತ್ತದೆ, ಕಾಯಿ ಅಂತಾರೆ ಮನೆಯವರು. ಕಾಯಲಾ?
— ಜನ್ನಾಪುರದ ಓದುಗ, ಭದ್ರಾವತಿ

ಕಾಯಬೇಡ ಮಗಾ. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ. ಆ ಕಾರ್ಖಾನೆಯ ಸೈರನ್ ಕೇಳಿಯೇ ನಮ್ಮಮ್ಮ ಒಲೆ ಹಚ್ಚುತ್ತಿದ್ದರು. ಆದರೂ ನಿನಗೆ ನಿಜ ಹೇಳಲೇಬೇಕು.

ನಮ್ಮ ಊರಿನ ಹಳೆಯ ಹೆಸರು ಬೆಂಕಿಪುರ. ಸರ್ ಎಂ. ವಿಶ್ವೇಶ್ವರಯ್ಯನವರು ಇಲ್ಲಿ ಕಾರ್ಖಾನೆ ಕಟ್ಟಬೇಕೆಂದು ಹಟ ಹಿಡಿದಾಗ ಲೆಕ್ಕ ಸರಿಯಾಗಿಯೇ ಇತ್ತು. ಅದಿರು ಕೆಮ್ಮಣ್ಣುಗುಂಡಿಯಲ್ಲಿ. ಇದ್ದಿಲಿಗೆ ಸುತ್ತ ಕಾಡು. ನೀರಿಗೆ ಭದ್ರೆ. 1923ರಲ್ಲಿ ಕೆಲಸ ಶುರುವಾದಾಗ ಅದರ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಬ್ಬಿಣದ ಜೊತೆಗೆ, ಮರವನ್ನು ಇದ್ದಿಲು ಮಾಡುವಾಗ ಸಿಗುವ ಸಾಮಾನುಗಳನ್ನೂ ಮಾರುವ ಯೋಚನೆ ಅದು. ಈಗ ಇದ್ದಿಲಿಗಾಗಿ ಕಾಡು ಕಡಿಯುವಂತಿಲ್ಲ, ಕಡಿಯಲೂಬಾರದು. ಕಾರ್ಖಾನೆಗೆ ಸ್ವಂತ ಅದಿರಿನ ಗಣಿ ಇಲ್ಲ. ಅಂದು ಕಾರ್ಖಾನೆಯನ್ನು ಇಲ್ಲಿಗೆ ಎಳೆದು ತಂದ ಕಾರಣಗಳಲ್ಲಿ ಉಳಿದದ್ದು ಭದ್ರೆಯ ನೀರು ಮತ್ತು ಕೆಲಸ ಗೊತ್ತಿರುವ ಜನ.

1989ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕಿನ ಕಂಪನಿ ಸೈಲ್‌ನ ಕೈಗೆ ಹೋಯಿತು. 1998ರಲ್ಲಿ ಅದರಲ್ಲೇ ಸೇರಿತು. ನೂರು ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕೆಲಸಗಾರರು ತಿಂಗಳುಗಟ್ಟಲೆ ಹೋರಾಡಿದರು. ಆ ವರ್ಷದ ಆಗಸ್ಟ್‌ನಲ್ಲಿ ಒಂದಷ್ಟು ಉತ್ಪಾದನೆ ಮತ್ತೆ ಶುರುವಾಯಿತು. ಕಾರ್ಖಾನೆ ಉಳಿಯಬೇಕು ಎಂಬ ಕೂಗಿಗೆ ನನ್ನ ದನಿಯೂ ಇದೆ. ಆದರೆ ಕಾರ್ಖಾನೆಗಾಗಿ ಹೋರಾಡುವುದು ಬೇರೆ, ಅದಕ್ಕಾಗಿ ನಿನ್ನ ಪ್ರಾಯವನ್ನು ಕಟ್ಟಿಡುವುದು ಬೇರೆ.

ಕೈ ಮರೆಯುತ್ತದೆ. ಬೇಸಿಗೆ ರಜೆ ಮುಗಿಸಿ ಬಂದ ಹುಡುಗರಿಗೆ ನಾನು ಮೊದಲ ದಿನ ಒಂದು ತುಂಡು ಕಬ್ಬಿಣ ಕೊಟ್ಟು ಫೈಲ್ ಮಾಡಿಸುತ್ತಿದ್ದೆ. ಮೂಲೆ ನೇರ ಇದೆಯಾ ನೋಡುವ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಸೋರುತ್ತಿತ್ತು. ರಜೆಗೆ ಮುಂಚೆ ಅದೇ ಹುಡುಗರು ಒಂದು ಗೆರೆ ಬೆಳಕೂ ಬಿಡದ ಹಾಗೆ ಮಾಡುತ್ತಿದ್ದರು. ಬರೀ ಒಂದೂವರೆ ತಿಂಗಳಿಗೆ ಹೀಗಾದರೆ ನಿನ್ನದು ಎರಡು ವರ್ಷ.

ನಾಳೆಯೇ ಬಸ್ ಹತ್ತಿ ಮಾಚೇನಹಳ್ಳಿಗೆ ಹೋಗು. ಭದ್ರಾವತಿ, ಶಿವಮೊಗ್ಗದ ನಡುವೆಯೇ ಇದೆ, ಊರು ಬಿಡಬೇಕಾಗಿಲ್ಲ. ಅಲ್ಲಿ ಎರಕದ ಕಾರ್ಖಾನೆಗಳಿವೆ, ಎರಕವನ್ನು ಕೊರೆದು ನಯ ಮಾಡುವ ಮೆಷಿನ್ ಶಾಪ್‌ಗಳಿವೆ. ಸಂಬಳ ಕೇಳುವ ಮೊದಲು ಮೂರು ಮಾತು ಕೇಳು. ಯಾವ ಮೆಷಿನ್ ಮೇಲೆ ಹಾಕ್ತೀರಿ? ಯಾರು ಕಲಿಸ್ತಾರೆ? ಪಿಎಫ್, ಇಎಸ್‌ಐ ಇದೆಯಾ? ಫಿಟ್ಟರ್ ಆದವನು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಓಡುವ ಮೆಷಿನ್, ಕಲಿತರೆ ಅವನ ಬೆಲೆಯೇ ಬೇರೆ. ಡ್ರಾಯಿಂಗ್ ಓದುವುದು, ಅಳತೆ ಹಿಡಿಯುವುದು ನಿನಗೆ ಗೊತ್ತೇ ಇದೆ. ಇನ್ನು ಬೇಕಾದದ್ದು ಪ್ರೋಗ್ರಾಂ, ಟೂಲಿನ ಅಳತೆ ಹೊಂದಿಸುವ ಆಫ್‌ಸೆಟ್, ಟೂಲ್ ಬದಲಿಸುವ ಅಂದಾಜು. ಕೆಲಸ ಮಾಡುತ್ತಲೇ ಅದನ್ನು ಕಲಿಯಬಹುದು.

ಪ್ರಶ್ನೆ: ಹನ್ನೆರಡು ಜನರ ಮೆಷಿನ್ ಶಾಪ್ ನಡೆಸುತ್ತೇನೆ. ಆರು ತಿಂಗಳು ಕಲಿಸಿದ ಮೇಲೆ ಹುಡುಗರು ಬೆಂಗಳೂರಿಗೆ ಓಡುತ್ತಾರೆ. ಕಲಿಸುವುದೇ ದಂಡ ಅನ್ನಿಸಿದೆ. ಏನು ಮಾಡಲಿ?
— ಓದುಗರು, ಶಿವಮೊಗ್ಗ

ನಿಮ್ಮ ನೋವು ಗೊತ್ತಾಗುತ್ತದೆ. ಆದರೂ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಆರು ತಿಂಗಳಲ್ಲಿ ಅವರು ನಿಜವಾಗಿ ಏನು ಕಲಿತರು?

ಬಹಳ ವರ್ಷಗಳ ಹಿಂದೆ ನನ್ನ ನಾಲ್ಕು ಹುಡುಗರನ್ನು ಒಂದು ವರ್ಕ್‌ಶಾಪ್‌ಗೆ ಕಳಿಸಿದ್ದೆ. ಎರಡು ತಿಂಗಳು ಬಿಟ್ಟು ನೋಡಲು ಹೋದೆ. ಒಬ್ಬ ಮೆಷಿನ್ ಕೆಳಗಿನ ಕಬ್ಬಿಣದ ಚೂರು ಗುಡಿಸುತ್ತಿದ್ದ, ಒಬ್ಬ ಟೀ ತರಲು ಹೋಗಿದ್ದ, ಇನ್ನಿಬ್ಬರು ಬೆಳಗಿನಿಂದ ಒಂದೇ ಗುಂಡಿ ಒತ್ತುತ್ತಾ ಒಂದೇ ಪಾರ್ಟ್ ತೆಗೆಯುತ್ತಿದ್ದರು. ಮೂವರು ಬಿಟ್ಟು ಹೋದರು. 'ಈಗಿನ ಹುಡುಗರಿಗೆ ನಿಯತ್ತಿಲ್ಲ' ಅಂದರು ಮಾಲೀಕರು. ಮರು ವರ್ಷ ಇನ್ನೊಂದು ಕಡೆ ಕಳಿಸಿದೆ. ಅದೂ ನಿಮ್ಮ ಹಾಗೇ ಸಣ್ಣ ಶಾಪು. ಅಲ್ಲಿನ ಯಜಮಾನರು ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದರು. ಮೂರು ತಿಂಗಳಿಗೆ ಏನು ಗೊತ್ತಿರಬೇಕು, ಆಗ ಸಂಬಳ ಎಷ್ಟು. ಆರು ತಿಂಗಳಿಗೆ ಏನು, ಎಷ್ಟು. ವರ್ಷಕ್ಕೆ, ಎರಡು ವರ್ಷಕ್ಕೆ. ಶನಿವಾರ ಮಧ್ಯಾಹ್ನ ಮೆಷಿನ್ ನಿಲ್ಲಿಸಿ ತಾವೇ ಮೈಕ್ರೋಮೀಟರ್ ಹಿಡಿದು ಕೂರುತ್ತಿದ್ದರು. ಆ ನಾಲ್ವರಲ್ಲಿ ಇಬ್ಬರು ಇವತ್ತಿಗೂ ಅಲ್ಲೇ ಇದ್ದಾರೆ. ಒಬ್ಬ ಈಗ ಸೂಪರ್‌ವೈಸರ್, ಅವನ ಮಗಳ ನಾಮಕರಣಕ್ಕೆ ನನ್ನನ್ನೂ ಕರೆದಿದ್ದ.

ಆ ಹಾಳೆ ಇವತ್ತೇ ಅಂಟಿಸಿ. ಹುಡುಗನಿಗೆ ಮುಂದಿನ ಮೆಟ್ಟಿಲು ಕಾಣಬೇಕು. ಕಾಣದಿದ್ದರೆ ಬೆಂಗಳೂರಿನ ಪೀಣ್ಯದಲ್ಲಿರುವ ಗೆಳೆಯ ಹೇಳಿದ ಸಂಬಳವೊಂದೇ ಕಿವಿಯಲ್ಲಿರುತ್ತದೆ. ಪೀಣ್ಯದಲ್ಲಿ ರೂಮ್ ಬಾಡಿಗೆ, ಮೆಸ್, ಊರಿಗೆ ಓಡಾಟ ಕಳೆದರೆ ಎಷ್ಟು ಉಳಿಯುತ್ತದೆ ಅಂತ ಅವನ ಎದುರೇ ಕೂತು ಲೆಕ್ಕ ಹಾಕಿ. ಆದರೆ ಪ್ರಾಮಾಣಿಕವಾಗಿ ಹಾಕಿ. ಆಮೇಲೂ ಬೆಂಗಳೂರೇ ಲಾಭ ಅಂತ ಕಂಡರೆ ತಪ್ಪು ನಿಮ್ಮ ಸಂಬಳದಲ್ಲಿದೆ, ಹುಡುಗನಲ್ಲಿಲ್ಲ.

ಅಪ್ರೆಂಟಿಸ್ ಕಾಯ್ದೆಯನ್ನೂ ಬಳಸಿಕೊಳ್ಳಿ. 1961ರ ಕಾಯ್ದೆ ಅದು. 30 ಮತ್ತು ಅದಕ್ಕಿಂತ ಜಾಸ್ತಿ ಜನರಿರುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕು ಜನರಿಂದ ಮೇಲಿರುವ ನಿಮ್ಮಂಥವರು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ. 25 ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದ ಹಾಗೆ, ಸರ್ಕಾರ ಭರಿಸುತ್ತದೆ. ಸಣ್ಣ ಶಾಪಿಗೆ ಇದು ಸಣ್ಣ ಮೊತ್ತವಲ್ಲ. ನೋಂದಣಿಯ ಕಾಗದಪತ್ರಕ್ಕೆ ಹೆದರಿ ಬಹಳ ಜನ ಕೈಬಿಡುತ್ತಾರೆ. ಹತ್ತಿರದ ಐಟಿಐನ ಪ್ರಿನ್ಸಿಪಾಲರನ್ನು ಒಮ್ಮೆ ಮಾತಾಡಿಸಿ, ದಾರಿ ತೋರಿಸುತ್ತಾರೆ.

ಇನ್ನೊಂದು ಆಸೆ ನನಗೆ. ನಿಮ್ಮ ಬೀದಿಯ ಐದಾರು ಶಾಪಿನವರು ಸೇರಿ ಒಬ್ಬ ನಿವೃತ್ತ ಮೆಷಿನಿಸ್ಟ್‌ನನ್ನು ಇಟ್ಟುಕೊಳ್ಳಿ. ಇವತ್ತು ನಿಮ್ಮಲ್ಲಿ, ನಾಳೆ ಪಕ್ಕದವರಲ್ಲಿ ಕಲಿಸಲಿ. ನಿಮ್ಮ ಹುಡುಗ ಪಕ್ಕದ ಶಾಪಿಗೆ ಹೋದ ಅಂತಲೇ ಇಟ್ಟುಕೊಳ್ಳಿ, ಅಲ್ಲಿಂದ ಒಬ್ಬ ನಿಮ್ಮಲ್ಲಿಗೂ ಬರುತ್ತಾನೆ. ಕೆಲಸ ಬಲ್ಲವನು ಶಿವಮೊಗ್ಗದಲ್ಲೇ ಉಳಿದ, ಅಲ್ವಾ?

ಪ್ರಶ್ನೆ: ದಾವಣಗೆರೆಯಲ್ಲಿ ಮಿಲ್ಲುಗಳು ಮುಚ್ಚಿದರೂ ಊರು ಎದ್ದು ನಿಂತಿತು. ಹರಿಹರ, ಭದ್ರಾವತಿ ಯಾಕೆ ಹಾಗೆ ಏಳಲಿಲ್ಲ?
— ಓದುಗರು, ಹರಿಹರ

ನಾನು ಮಕ್ಕಳಿಗೆ ಕಲಿಸಿದ ಮೊದಲ ಲೇತ್ ನಿಮ್ಮ ಹರಿಹರದ್ದು, ಮೈಸೂರು ಕಿರ್ಲೋಸ್ಕರ್ ಮಾಡಿದ್ದು. ಎಷ್ಟು ವರ್ಷ ತಿರುಗಿಸಿದರೂ ಅಳತೆ ಬಿಟ್ಟುಕೊಡದ ಮೆಷಿನು. ಅಂಥ ಕೈಗಳಿದ್ದ ಊರು ಅದು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲೂ ಅಲ್ಲಿ ಬೇರೆ ವ್ಯಾಪಾರಗಳಿದ್ದವು. ಹತ್ತಿ, ಎಣ್ಣೆ, ಮಂಡಿ. ಮಿಲ್ಲುಗಳು ಇನ್ನೂ ಓಡುತ್ತಿದ್ದಾಗಲೇ, 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಬಂತು. 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು. ಬೇರೆ ಊರಿನ ಸಾವಿರಾರು ಮಕ್ಕಳು ಬಂದರು. ಅವರ ಹಿಂದೆ ರೂಮ್ ಬಾಡಿಗೆ, ಮೆಸ್, ಜೆರಾಕ್ಸ್, ಆಸ್ಪತ್ರೆ, ಬೆಣ್ಣೆದೋಸೆ. ಒಬ್ಬ ಧಣಿ ಬಿದ್ದರೆ ಇನ್ನೊಬ್ಬ ನಿಂತಿರುತ್ತಿದ್ದ.

ನಮ್ಮ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಬಿಟ್ಟರೆ 1936ರಲ್ಲಿ ಶುರುವಾದ ಪೇಪರ್ ಮಿಲ್. ಮನೆ ಕಾರ್ಖಾನೆಯದು, ಶಾಲೆ ಕಾರ್ಖಾನೆಯದು, ಆಸ್ಪತ್ರೆ ಕಾರ್ಖಾನೆಯದು. ನ್ಯೂಟೌನ್, ಪೇಪರ್‌ಟೌನ್ ಅಂತ ಬಡಾವಣೆಗಳ ಹೆಸರೂ ಅದರಿಂದಲೇ. ಆ ಕಾಲದಲ್ಲಿ ನಾವು ಸುಖವಾಗಿಯೇ ಬೆಳೆದೆವು, ಅದನ್ನು ಮರೆಯಲಾರೆ. ಆದರೆ ಸ್ವಂತಕ್ಕೆ ಒಂದು ಲೇತ್ ಹಾಕಿ ಕೂತವನಿಗೆ ಊರಲ್ಲಿ ಬೆಲೆ ಇರಲಿಲ್ಲ. ಹೆಣ್ಣು ಕೊಡುವವರು 'ಪರ್ಮನೆಂಟಾ?' ಅಂತಲೇ ಕೇಳುತ್ತಿದ್ದರು. ಪೇಪರ್ ಮಿಲ್ ನಿಂತಾಗ ಅಲ್ಲಿ ಕಲಿತವರಲ್ಲಿ ಎಷ್ಟೋ ಜನರಿಗೆ ಊರಲ್ಲಿ ಹೋಗಲು ಇನ್ನೊಂದು ಗೇಟೇ ಇರಲಿಲ್ಲ. ಈಗಲೂ ದೊಡ್ಡ ಕಾರ್ಖಾನೆಯೊಂದು ಬಂದರೆ ಸಂತೋಷವೇ. ಜೊತೆಗೆ ಹತ್ತು ಜನರ ಐವತ್ತು ಶಾಪುಗಳೂ ಬರಲಿ ಅಂತ ಕೇಳುವವನು ನಾನು. ಒಂದು ಮುಚ್ಚಿದರೆ ಹತ್ತು ಮನೆಗೆ ಕಷ್ಟ, ಆದರೆ ಉಳಿದ ನಲವತ್ತೊಂಬತ್ತು ಆ ಹತ್ತು ಜನರನ್ನು ಕರೆದುಕೊಳ್ಳಬಲ್ಲವು.

ಅಂಥ ಶಾಪು ಹಾಕುವವರಿಗೆ ಪಿಎಂಇಜಿಪಿ ಎಂಬ ಕೇಂದ್ರ ಸರ್ಕಾರದ ಯೋಜನೆ ಇದೆ. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆಗೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಸಿಗುತ್ತದೆ. ಹೊಸ ಘಟಕಕ್ಕೆ ಮಾತ್ರ ಅನ್ನುವುದು ನೆನಪಿರಲಿ.

ಪ್ರಶ್ನೆ: ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬಂತು. ಇನ್ನು ಕಂಪನಿಗಳು ತಾವಾಗಿಯೇ ಬರುತ್ತವೆ ಅಲ್ವಾ?
— ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

2023ರ ಫೆಬ್ರವರಿ 27ರಂದು ಅದು ಉದ್ಘಾಟನೆಯಾದಾಗ ನಾನೂ ಖುಷಿಪಟ್ಟೆ. ಖರೀದಿದಾರ ಬೆಳಿಗ್ಗೆ ಬಂದು ಎರಕ ನೋಡಿ ಹೋಗಬಹುದು, ಅದು ಒಳ್ಳೆಯದೇ. ಆದರೆ ವಿಮಾನ ಇಳಿದವನು ಕೇಳುವ ಮೊದಲ ಪ್ರಶ್ನೆ 'ಕೆಲಸ ಗೊತ್ತಿರುವವರು ಎಷ್ಟು ಜನ ಸಿಗ್ತಾರೆ?' ಅಂತ. ನೀನು ಏನು ಕಲಿಯುತ್ತಿದ್ದೀಯ ಅಂತ ಪತ್ರದಲ್ಲಿ ಬರೆದಿಲ್ಲ. ಬರೆದು ಕಳಿಸು.

ಪ್ರಶ್ನೆ: ಬಿಕಾಂ ಆಗಿದೆ. ಯುವನಿಧಿ ಬರುತ್ತಿದೆ. ಬ್ಯಾಂಕ್ ಪರೀಕ್ಷೆ ಎರಡು ಸಲ ಆಗಲಿಲ್ಲ. ಗಾರ್ಮೆಂಟ್ಸ್‌ಗೆ ಹೋಗು ಅಂತಾರೆ. ಓದಿದ್ದು ವ್ಯರ್ಥ ಅನ್ನಿಸುತ್ತದೆ.
— ಓದುಗಳು, ಭದ್ರಾವತಿ

ತಾಯಿ, ಓದಿದ್ದು ವ್ಯರ್ಥವಲ್ಲ. ಯುವನಿಧಿ 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಶುರುವಾದದ್ದು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಆ ಎರಡು ವರ್ಷವನ್ನು ಕಲಿಕೆಗೆ ಬಳಸಿಕೊಳ್ಳಿ. ನನಗೆ ಗೊತ್ತಿರುವ ಸಣ್ಣ ಶಾಪುಗಳ ಮಾಲೀಕರಿಗೆ ಕಬ್ಬಿಣ ಗೊತ್ತು, ಜಿಎಸ್‌ಟಿ ಗೊತ್ತಿಲ್ಲ. ಬಿಲ್ಲು, ರಿಟರ್ನ್, ಸ್ಟಾಕ್, ಪಿಎಫ್ ಚಲನ್ ಎಲ್ಲವನ್ನೂ ತಿಂಗಳ ಕೊನೆಗೆ ಯಾರ ಕೈಗೋ ಹಾಕುತ್ತಾರೆ. ಕಂಪ್ಯೂಟರ್‌ನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಚೆನ್ನಾಗಿ ಕಲಿತರೆ ನೀವು ಮೂರು ನಾಲ್ಕು ಶಾಪುಗಳ ಲೆಕ್ಕ ನೋಡಬಹುದು.

ಗಾರ್ಮೆಂಟ್ಸ್ ಕೆಲಸವನ್ನೂ ಕೀಳಾಗಿ ನೋಡಬೇಡಿ. ಎಷ್ಟೋ ಮನೆಗಳ ಅನ್ನ ಅದು. ಹೋಗುವುದಾದರೆ ಪಿಎಫ್, ಇಎಸ್‌ಐ ಮೊದಲ ದಿನದಿಂದಲೇ ಇದೆಯಾ ಕೇಳಿ. 50 ಮತ್ತು ಅದಕ್ಕಿಂತ ಜಾಸ್ತಿ ಜನರಿರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲೇಬೇಕು, ಅದನ್ನು ಕಣ್ಣಾರೆ ನೋಡಿ. ಬಿಕಾಂ ಆಗಿದೆ ಅಂತ ಹೇಳಿ, ಸ್ಟೋರ್ಸ್ ಅಥವಾ ಸಂಬಳದ ವಿಭಾಗ ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ.

ಪ್ರಶ್ನೆ: ನನಗೆ 54. ಇಪ್ಪತ್ತಾರು ವರ್ಷ ಎರಕದ ಅಚ್ಚು ಮಾಡುವ ಮೋಲ್ಡರ್ ಆಗಿದ್ದೆ. ಓದಿದ್ದು ಏಳನೇ ಕ್ಲಾಸು. ಈಗ ಕೆಲಸವಿಲ್ಲ. ನನ್ನಂಥವನಿಗೆ ಇನ್ನೇನಿದೆ?
— ಹಳೇನಗರ, ಭದ್ರಾವತಿ

ನಿಮ್ಮ ಪತ್ರ ಓದಿ ಅಪ್ಪನ ನೆನಪಾಯಿತು. ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ, ಕೈ ಬಿಚ್ಚಿ ನೋಡುತ್ತಿದ್ದರು. ಬೆರಳಿನ ಗುರುತು ಚೂಪಾಗಿ ನಿಲ್ಲಬೇಕು, ಮುರಿದರೆ ಅಂಚು ಉದುರಬಾರದು, ಅಂಗೈಗೆ ನೀರು ಅಂಟಬಾರದು. ನೀರು ಜಾಸ್ತಿಯಾದರೆ ಆವಿ ಎದ್ದು ಎರಕದೊಳಗೆ ಗುಳ್ಳೆ, ಕಡಿಮೆಯಾದರೆ ಮರಳು ಕುಸಿಯುತ್ತದೆ. ಲ್ಯಾಬಿನ ಮೀಟರ್ ಬರುವ ಮೊದಲೇ ಅವರು 'ಇನ್ನೊಂದು ತಂಬಿಗೆ' ಅನ್ನುತ್ತಿದ್ದರು. ನಿಮಗೂ ಇದು ಗೊತ್ತು. ನನ್ನ ಬಳಿ ಮೆರಿಟ್‌ನಲ್ಲಿ ಪಾಸಾದ ಹುಡುಗರಿಗೆ ಇದು ಗೊತ್ತಿರಲಿಲ್ಲ.

ನಿಮ್ಮ ಕೈಲಿ ಸರ್ಟಿಫಿಕೇಟ್ ಇಲ್ಲ, ತೊಂದರೆ ಅಷ್ಟೇ. ಇರುವ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ ಇದೆ. ಅದಕ್ಕೆ ವರ್ಷಗಟ್ಟಲೆ ಕ್ಲಾಸಿಗೆ ಕೂರಬೇಕಿಲ್ಲ. ಶಿವಮೊಗ್ಗದ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ. ಅದರ ಜೊತೆಗೆ ಎರಕದ ಕಾರ್ಖಾನೆಗಳಿಗೆ ಹೋಗಿ. ಮೋಲ್ಡಿಂಗ್ ಕೆಲಸ ಕೇಳಬೇಡಿ, ಈಗ ಅದನ್ನು ಮೆಷಿನ್ ಮಾಡುತ್ತದೆ, ನಿಮ್ಮ ಬೆನ್ನಿಗೂ ಆಗದು. 'ರಿಜೆಕ್ಷನ್ ಜಾಸ್ತಿ ಇದೆಯಾ? ಒಂದು ವಾರ ಮರಳು ನೋಡಿಕೊಳ್ತೀನಿ, ಆಮೇಲೆ ಮಾತಾಡೋಣ' ಅನ್ನಿ. ನೂರು ಎರಕದಲ್ಲಿ ಎಂಟು ಗುಜರಿಗೆ ಹೋಗುವುದನ್ನು ನೀವು ನಾಲ್ಕಕ್ಕೆ ಇಳಿಸಿದರೆ ನಿಮ್ಮ ವಯಸ್ಸನ್ನು ಯಾರೂ ಕೇಳುವುದಿಲ್ಲ.

ಹಳೆಯ ಗೇಟ್ ಪಾಸು, ಪಿಎಫ್ ಚೀಟಿ, ಆಧಾರ್ ಮೂರನ್ನೂ ಒಂದು ಕವರಿನಲ್ಲಿ ಹಾಕಿಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಹೋಗಿ, ಶನಿವಾರ ಯಜಮಾನರು ಸಿಗುವುದು ಕಷ್ಟ. ಮೇಲೆ ಬರೆದ ಜನ್ನಾಪುರದ ಹುಡುಗನೂ ಅದೇ ದಾರಿಯಲ್ಲಿ ಹೋಗುತ್ತಾನೆ. ನಿಮ್ಮಿಬ್ಬರಿಗೂ ಒಪ್ಪಿಗೆ ಇದ್ದರೆ ಪತ್ರಿಕೆಗೆ ಒಂದು ಸಾಲು ಬರೆಯಿರಿ, ನಾನೇ ಪರಿಚಯ ಮಾಡಿಸುತ್ತೇನೆ. ಒಂದೇ ಬಸ್ಸಿಗೆ ಹೊರಡಿ.