ಬಂಡೆಗೆ ತಾಗಿದ ಔಟ್‌ಬೋರ್ಡ್: ಇಂಜಿನ್ ಕಿರುಚುತ್ತೆ, ಬೋಟ್ ಹೋಗಲ್ಲ

ಔಟ್‌ಬೋರ್ಡ್ (ಬೋಟ್ ಹಿಂದೆ ಸಿಗಿಸೋ ಮೋಟರ್) ಬಂಡೆಗೆ ತಾಗಿದ ಮೇಲೆ ಥ್ರಾಟಲ್ ಕೊಟ್ರೆ ಇಂಜಿನ್ ಬರೀ ಕಿರುಚುತ್ತೆ ಬೋಟ್ ಮುಂದೆ ಹೋಗಲ್ಲ ಅಂದ್ರೆ ಹೆಚ್ಚಾಗಿ ಪ್ರೊಪೆಲರ್ ಒಳಗಿನ ರಬ್ಬರ್ ಹಬ್ (ಶಾಫ್ಟ್ ಹಿಡಿಯೋ ನಡು ಭಾಗ) ಜಾರಿರುತ್ತೆ, ಚಿಕ್ಕ ಮೋಟರ್ ಆದ್ರೆ ಶಿಯರ್ ಪಿನ್ (ಹೊಡೆತ ಬಿದ್ರೆ ತಾನೇ ತುಂಡಾಗಿ ಗೇರ್ ಉಳಿಸೋ ಪಿನ್) ತುಂಡಾಗಿರಬಹುದು. ಮೊದಲು ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಡಿ, ಬೆರಳಿನ ವಿಷಯ ಇದು, ಬಿಡಲೇಬೇಡಿ. ಒಳಗಿನ ಹಬ್‌ನಿಂದ ಪ್ರೊಪೆಲರ್ ಎಲೆಗಳಿರೋ ಹೊರಗಿನ ಬ್ಯಾರೆಲ್‌ಗೆ ಮಾರ್ಕರಲ್ಲಿ ಒಂದೇ ಗೆರೆ ಎಳೀರಿ, ವೈರ್ ಹಾಕಿ ನೀರಲ್ಲಿ ಓಡಿಸಿ, ವಾಪಸ್ ಬಂದು ನೋಡಿದಾಗ ಗೆರೆ ಮುರಿದು ಎರಡು ಕಡೆ ಸರಿದಿದ್ರೆ ಹಬ್ ಹೋಗಿದೆ ಅಂತಾನೇ. ಸರಿದಿಲ್ವಾ, ಆಗ ಶಿಯರ್ ಪಿನ್ ಇಲ್ಲಾ ಗೇರ್ ಮೇಲೆ ಅನುಮಾನ.

ಮತ್ತೆ ವೈರ್ ಕಿತ್ತು ಪ್ರೊಪೆಲರ್ ಬಿಚ್ಚಿ ಶಾಫ್ಟ್ ಕೈಲಿ ತಿರುಗಿಸಿ. ತುದಿ ಅಲ್ಲಾಡಿದ್ರೆ ಶಾಫ್ಟ್ ಬಗ್ಗಿದೆ, ಅದು ಸರಿಯಾಗೋವರೆಗೂ ಹೊಸ ಪ್ರೊಪೆಲರ್ ಹಾಕ್ಬೇಡಿ. ಗೇರ್ ಆಯಿಲ್ ಬೆಳ್ಳಗಾಗಿದ್ರೆ ಸೀಲ್ ಹೋಗಿ ನೀರು ನುಗ್ಗಿದೆ.

ಸ್ಕೆಗ್ (ಪ್ರೊಪೆಲರ್ ಕೆಳಗಿರೋ ರೆಕ್ಕೆಯಂಥ ಭಾಗ) ತುದಿ ಮಾತ್ರ ಹೋಗಿದ್ರೆ ಅರ ಹಾಕಿ ನುಣ್ಣಗೆ ಮಾಡಿದ್ರೆ ಸಾಕು, ಅರ್ಧಕ್ಕೆ ಮುರಿದಿದ್ರೆ ಅಲ್ಯೂಮಿನಿಯಂ ಟಿಗ್ ವೆಲ್ಡಿಂಗ್ ಅಥವಾ ಅದರ ಮೇಲೆ ಕೂರಿಸೋ ಸ್ಕೆಗ್ ಗಾರ್ಡ್. ಹೊಸ ಪ್ರೊಪೆಲರ್‌ಗೆ ಹಳೇದರ ಡಯಾಮೀಟರ್, ಪಿಚ್ಚೇ (ಒಂದು ಸುತ್ತಿಗೆ ಮುಂದೆ ಹೋಗೋ ಲೆಕ್ಕ) ತಗೊಳ್ಳಿ, ಶಾಫ್ಟ್‌ಗೆ ಗ್ರೀಸ್ ಹಚ್ಚಿ, ನಟ್ ಕಳಚದಂತೆ ಹಿಡಿಯೋ ಕಾಟರ್ ಪಿನ್ ಹೊಸದೇ ಹಾಕಿ.